‘ಸಮುದಾಯದ ಒಪ್ಪಿಗೆ ಇದೆ’ ಎನ್ನುವ ಕ್ರಿಪ್ಟೋ ಬ್ರಿಡ್ಜ್ ದಾಟುವ ಮುನ್ನ

ಬೆಳಗಾವಿ, ವಿಜಯಪುರ ಕಡೆಯಲ್ಲಿ ಕ್ರಿಪ್ಟೋ ಹೆಸರಿನಲ್ಲಿ ಹಣ ಕೇಳುವವರ ಮಾತಿನ ಧಾಟಿ ಇತ್ತೀಚೆಗೆ ಬದಲಾಗಿದೆ. ತಿಂಗಳಿಗೆ ಇಷ್ಟು ಬಡ್ಡಿ ಎಂದು ಆಸೆ ತೋರಿಸುವವರನ್ನು ಜನ ಈಗ ದೂರದಿಂದಲೇ ಗುರುತು ಹಿಡಿಯುತ್ತಾರೆ. ಆದ್ದರಿಂದ ಹೊಸಬರು ಬಡ್ಡಿಯ ಮಾತನ್ನೇ ಎತ್ತುವುದಿಲ್ಲ. ಇದು ಕಂಪನಿಯಲ್ಲ, ವಿಕೇಂದ್ರೀಕೃತ ವಿನಿಮಯ ಕೇಂದ್ರ, ಟೋಕನ್ ಹೊಂದಿದವರೆಲ್ಲ ಸೇರಿ ಮತ ಹಾಕಿ ಇದನ್ನು ಇನ್ನೊಂದು ಬ್ಲಾಕ್‌ಚೈನ್‌ಗೆ ವಿಸ್ತರಿಸಿದ್ದಾರೆ, ಬ್ರಿಡ್ಜ್‌ಗೂ ಸಮುದಾಯದ ಒಪ್ಪಿಗೆ ಸಿಕ್ಕಿದೆ ಎನ್ನುತ್ತಾರೆ. (ಬ್ಲಾಕ್‌ಚೈನ್ ಎಂದರೆ ಹಲವು ಕಂಪ್ಯೂಟರ್‌ಗಳು ಸೇರಿ ಇಡುವ ಲೆಕ್ಕದ ಪುಸ್ತಕ, ಟೋಕನ್ ಎಂದರೆ ಅದರಲ್ಲಿ ದಾಖಲಾಗುವ ಡಿಜಿಟಲ್ ನಾಣ್ಯ, ಬ್ರಿಡ್ಜ್ ಎಂದರೆ ಒಂದು ಬ್ಲಾಕ್‌ಚೈನ್‌ನಿಂದ ಇನ್ನೊಂದಕ್ಕೆ ಟೋಕನ್ ಅಥವಾ ಆದೇಶ ದಾಟಿಸುವ ವ್ಯವಸ್ಥೆ.) ನಾವು ಕೆಲವರು ಹಣ ಕಳೆದುಕೊಂಡದ್ದು ಇದೇ ಮಾತಿನ ಮೇಲೆ. ಮತದಾನ ನಿಜವಾಗಿಯೇ ನಡೆದಿತ್ತು, ಎಣಿಕೆಯಲ್ಲಿ ಮೋಸವೂ ಇರಲಿಲ್ಲ. ಆದರೆ ಒಪ್ಪಿಗೆ ಸಿಕ್ಕಿದ್ದು ಒಂದು ಬ್ರಿಡ್ಜ್‌ಗೆ, ನಮ್ಮ ಹಣ ದಾಟಿದ್ದು ಇನ್ನೊಂದು ಬ್ರಿಡ್ಜ್ ಮೇಲೆ. ಈ ವ್ಯತ್ಯಾಸವನ್ನು ನಮಗೆ ಯಾರೂ ಹೇಳಲಿಲ್ಲ. ನಿಮಗೂ ಹೇಳಲಿಕ್ಕಿಲ್ಲ ಎಂದು ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ನಾನು ಟಿಳಕವಾಡಿಯಲ್ಲಿ ಸಣ್ಣ ವ್ಯಾಪಾರಿಗಳ ಲೆಕ್ಕಪತ್ರ ಮತ್ತು ತೆರಿಗೆಯ ಕೆಲಸ ನೋಡಿಕೊಳ್ಳುವವನು. ಈ ವ್ಯವಹಾರದಲ್ಲಿ ನನ್ನ ಜೊತೆ ವಡಗಾವಿಯ ಮಗ್ಗದ ಮನೆಯ ಇಬ್ಬರು ಅಣ್ಣತಮ್ಮಂದಿರು, ತಿಕೋಟಾ ಕಡೆಯ ಒಬ್ಬ ಒಣದ್ರಾಕ್ಷಿ ವ್ಯಾಪಾರಿ ಮತ್ತು ಬೆಂಗಳೂರಿನಿಂದ ಊರಿಗೆ ಮರಳಿ ಮನೆಯಿಂದಲೇ ಸಾಫ್ಟ್‌ವೇರ್ ಕೆಲಸ ಮಾಡುವ ಒಬ್ಬ ಹುಡುಗ ಇದ್ದರು. ಇದನ್ನು ನಮ್ಮ ಬಳಿಗೆ ತಂದವನು ತನ್ನನ್ನು ಆ ವಿನಿಮಯ ಕೇಂದ್ರದ ಅಂಬಾಸಿಡರ್ ಎಂದು ಕರೆದುಕೊಳ್ಳುತ್ತಿದ್ದ. ಅವನ ವಾದ ಸರಳವಾಗಿತ್ತು: “ಸರ, ಇಲ್ಲಿ ಮಾಲಕ ಅನ್ನಾವನ ಇಲ್ರೀ. ಮಂದಿ ಮತಾ ಹಾಕ್ಯಾರ, ಬ್ರಿಡ್ಜ್ ಪಾಸ್ ಆಗೇತಿ. ಇನ್ನ ಮೋಸ ಮಾಡಾವ್ರ ಯಾರ್ರೀ?” ಮಾಲೀಕನಿಲ್ಲದ ಕಡೆ ಮೋಸಗಾರನೂ ಇರುವುದಿಲ್ಲ ಎಂಬ ಈ ತರ್ಕ ಕೇಳಲು ಚೆನ್ನಾಗಿದೆ. ಮಾಲೀಕನಿಲ್ಲದ ಕಡೆ ಜವಾಬ್ದಾರನೂ ಇರುವುದಿಲ್ಲ ಎಂಬುದು ಅದರ ಇನ್ನೊಂದು ಮಗ್ಗುಲು.

ಮೊದಲು ವಿಸ್ತರಣೆ ಎಂದರೇನು ಎಂಬುದನ್ನು ಹೇಳಬೇಕು. ವಿಕೇಂದ್ರೀಕೃತ ವಿನಿಮಯ ಕೇಂದ್ರದಲ್ಲಿ ಖರೀದಿ ಮತ್ತು ಮಾರಾಟವನ್ನು ಬ್ಲಾಕ್‌ಚೈನ್ ಮೇಲಿನ ಕೋಡ್ ನಡೆಸುತ್ತದೆ. ಸಾಮಾನ್ಯ ಜನ ತಮ್ಮ ಟೋಕನ್‌ಗಳನ್ನು ಜೋಡಿಜೋಡಿಯಾಗಿ ಒಂದು ಪೂಲ್‌ಗೆ ಹಾಕುತ್ತಾರೆ, ವಿನಿಮಯ ಮಾಡುವವರು ಆ ಪೂಲ್‌ನಿಂದ ಒಂದನ್ನು ಒಯ್ದು ಇನ್ನೊಂದನ್ನು ಇಡುತ್ತಾರೆ, ಹಣ ಹಾಕಿದವರಿಗೆ ಶುಲ್ಕದ ಪಾಲು ಬರುತ್ತದೆ. ಎಥೀರಿಯಮ್ ಎಂಬ ಬ್ಲಾಕ್‌ಚೈನ್ ಮೇಲೆ ಒಂದೊಂದು ವಹಿವಾಟಿನ ವೆಚ್ಚ ಏರಿದಾಗ ಅದೇ ಕೋಡನ್ನು ಕಡಿಮೆ ಖರ್ಚಿನ ಬೇರೆ ಚೈನ್ ಮೇಲೂ ಸ್ಥಾಪಿಸಬೇಕೆಂಬ ಬೇಡಿಕೆ ಹುಟ್ಟುತ್ತದೆ. ಯಾರೋ ಒಬ್ಬರು ಪ್ರಸ್ತಾವನೆ ಬರೆಯುತ್ತಾರೆ, ಚರ್ಚೆಯಾಗುತ್ತದೆ, ಅಭಿಪ್ರಾಯ ತಿಳಿಯಲು ವೆಚ್ಚವಿಲ್ಲದ ಒಂದು ಪೂರ್ವ ಮತದಾನ ನಡೆಯುತ್ತದೆ, ಕೊನೆಗೆ ಬ್ಲಾಕ್‌ಚೈನ್ ಮೇಲೆಯೇ ದಾಖಲಾಗುವ ಅಂತಿಮ ಮತದಾನ ನಡೆಯುತ್ತದೆ.

ಈ ಬಗೆಯ ಕೇಂದ್ರಗಳಲ್ಲಿ ಬಹಳ ಹೆಸರಾದ ಯೂನಿಸ್ವಾಪ್ 2018ರ ನವೆಂಬರ್‌ನಲ್ಲಿ ಆರಂಭವಾಗಿ, 2020ರ ಸೆಪ್ಟೆಂಬರ್‌ನಲ್ಲಿ ಯುನಿ ಎಂಬ ಮತಾಧಿಕಾರದ ಟೋಕನ್ ಹಂಚಿತು. 2023ರ ಆರಂಭದಲ್ಲಿ ಅದರ ಮೂರನೆಯ ಆವೃತ್ತಿಯನ್ನು ಬಿಎನ್‌ಬಿ ಚೈನ್‌ಗೆ ಒಯ್ಯುವ ಪ್ರಸ್ತಾವನೆ ಬಂದಾಗ, ಒಯ್ಯಬೇಕೇ ಬೇಡವೇ ಎನ್ನುವುದಕ್ಕಿಂತ ಯಾವ ಬ್ರಿಡ್ಜ್ ಬಳಸಬೇಕು ಎನ್ನುವುದರ ಮೇಲೆಯೇ ಹೆಚ್ಚಿನ ಜಗಳ ನಡೆಯಿತು. ಆಯ್ಕೆಯಾದದ್ದು ವರ್ಮ್‌ಹೋಲ್. ಅದರ ಪ್ರತಿಸ್ಪರ್ಧಿ ಲೇಯರ್‌ಜೀರೋದಲ್ಲಿ ಹೂಡಿಕೆ ಮಾಡಿದ್ದ ಆಂಡ್ರೀಸನ್ ಹೊರೊವಿಟ್ಜ್ ಸಂಸ್ಥೆ ಅಂತಿಮ ಮತದಾನದಲ್ಲಿ 1.5 ಕೋಟಿ ಯುನಿ ಮತಗಳನ್ನು ವಿರುದ್ಧವಾಗಿ ಹಾಕಿತು. ಆದರೂ ಪ್ರಸ್ತಾವನೆ ಗೆದ್ದಿತು. ಇಲ್ಲಿ ಗಮನಿಸಬೇಕಾದದ್ದು, ಅಷ್ಟೆಲ್ಲ ಜಗಳವಾದ ಆ ಬ್ರಿಡ್ಜ್‌ನ ಕೆಲಸ ಬಳಕೆದಾರರ ಹಣ ಸಾಗಿಸುವುದಾಗಿರಲಿಲ್ಲ. ಎಥೀರಿಯಮ್ ಮೇಲೆ ನಡೆದ ಮತದಾನದ ತೀರ್ಮಾನವನ್ನು ಆಚೆಯ ಚೈನ್‌ನಲ್ಲಿರುವ ಕೋಡ್‌ಗೆ ಆದೇಶವಾಗಿ ತಲುಪಿಸುವುದಷ್ಟೇ ಅದರ ಕೆಲಸ. ಜನರ ಟೋಕನ್‌ಗಳು ಒಂದು ಚೈನ್‌ನಿಂದ ಇನ್ನೊಂದಕ್ಕೆ ಹೋಗುವ ದಾರಿ ಬೇರೆಯೇ ಆಗಿರಬಹುದು. ಆ ದಾರಿಯ ಬಗ್ಗೆ ಯಾವ ಮತದಾನವೂ ನಡೆಯದೆ ಇರಬಹುದು.

ನಮ್ಮ ವಿಷಯದಲ್ಲಿ ಆದದ್ದು ಇದೇ. ಆ ಕೇಂದ್ರ ಯೂನಿಸ್ವಾಪ್‌ನ ಎರಡನೆಯ ಆವೃತ್ತಿಯ ಕೋಡನ್ನು ನಕಲು ಮಾಡಿ ಕಟ್ಟಿದ ಸಣ್ಣ ಕೇಂದ್ರವಾಗಿತ್ತು. ಅದರ ಪ್ರಸ್ತಾವನೆಯಲ್ಲಿ ಆದೇಶ ಸಾಗಿಸುವ ಬ್ರಿಡ್ಜ್‌ನ ಬಗ್ಗೆ ದೀರ್ಘ ವಿವರಣೆ, ಯಾರು ಪರಿಶೀಲಿಸಿದರು ಎಂಬ ಮಾಹಿತಿ, ತುರ್ತು ನಿಲುಗಡೆಯ ವ್ಯವಸ್ಥೆ, ಎಲ್ಲವೂ ಇತ್ತು. ಟೋಕನ್ ಸಾಗಿಸುವ ಬ್ರಿಡ್ಜ್‌ನ ಬಗ್ಗೆ ಇದ್ದದ್ದು ಒಂದೇ ವಾಕ್ಯ: ‘ಬಳಕೆದಾರರು ಆ ಚೈನ್‌ನಲ್ಲಿ ಲಭ್ಯವಿರುವ ಬ್ರಿಡ್ಜ್‌ಗಳನ್ನು ಬಳಸಬಹುದು.’ ಅಲ್ಲಿ ಲಭ್ಯವಿದ್ದದ್ದು ಒಂದೇ ಬ್ರಿಡ್ಜ್. ಅದನ್ನು ಬೇರೊಂದು ತಂಡ ನಡೆಸುತ್ತಿತ್ತು. ಅದರೊಳಗಿನ ಹಣ ಬಿಡಿಸಲು ಬೇಕಾದ ಡಿಜಿಟಲ್ ಕೀಲಿಗಳು ಎಷ್ಟು ಜನರ ಕೈಯಲ್ಲಿವೆ ಎಂಬುದು ಎಲ್ಲಿಯೂ ಬರೆದಿರಲಿಲ್ಲ. ಅಂಬಾಸಿಡರ್ ಮಾತ್ರ ಎರಡನ್ನೂ ಸೇರಿಸಿ ‘ಬ್ರಿಡ್ಜ್ ಪಾಸ್ ಆಗೇತಿ’ ಎನ್ನುತ್ತಲೇ ಹೋದ.

ಮತಗಳ ಬಗ್ಗೆಯೂ ಒಂದು ಮಾತು. ಇಲ್ಲಿ ತಲೆಗೊಂದು ಮತವಿಲ್ಲ, ಟೋಕನ್‌ಗೊಂದು ಮತ. ಯೂನಿಸ್ವಾಪ್‌ನಂಥ ದೊಡ್ಡ ಕಡೆಯಲ್ಲಿ ಮೊದಲಿಗೆ ಸೃಷ್ಟಿಸಿದ 100 ಕೋಟಿ ಟೋಕನ್‌ಗಳ ಪೈಕಿ ಕನಿಷ್ಠ 4 ಕೋಟಿ ಮತ ಪರವಾಗಿ ಬಿದ್ದರೆ ಕೋರಂ ಆಗುತ್ತದೆ. ನಮ್ಮ ಕೇಂದ್ರದ ಮತಪಟ್ಟಿಯನ್ನು ತೆರೆದರೆ ಮೇಲಿನ ನಾಲ್ಕಾರು ವಾಲೆಟ್‌ಗಳೇ (ಟೋಕನ್ ಇಡುವ ಖಾತೆಗಳೇ) ಫಲಿತಾಂಶವನ್ನು ತೀರ್ಮಾನಿಸಿದ್ದವು; ಕೆಳಗಿನ ನೂರಾರು ವಾಲೆಟ್‌ಗಳ ಮತ ಸೇರಿಸಿದರೂ ಮೇಲಿನವುಗಳಲ್ಲಿ ಒಂದಕ್ಕೆ ಸಮನಾಗುತ್ತಿರಲಿಲ್ಲ. ಹೊಸ ಚೈನ್‌ನ ಪೋಷಕ ಸಂಸ್ಥೆ ಪೂಲ್‌ಗಳಿಗೆ ಪ್ರೋತ್ಸಾಹಧನ ಕೊಡಲು ಮುಂದೆ ಬಂದಿತ್ತು. ದೊಡ್ಡ ವಾಲೆಟ್‌ಗಳಿಗೆ ಅದರಿಂದ ಲಾಭವಿತ್ತು. ಇದನ್ನು ಅಕ್ರಮವೆನ್ನಲು ಬರುವುದಿಲ್ಲ. ಸಮುದಾಯ ಎಂದರೆ ಊರಿನ ಪಂಚರು ಕೂಡಿ ಮಾಡಿದ ತೀರ್ಮಾನ ಎಂದು ಭಾವಿಸುವವರಿಗೆ ಇದನ್ನು ತಿಳಿಸುವುದು ಮಾತ್ರ ಅಗತ್ಯ.

ನಮಗೆ ಸೂಚಿಸಿದ ಪೂಲ್‌ನಲ್ಲಿ ಎರಡೂ ಕಡೆ ಡಾಲರ್ ಬೆಲೆಯ ಟೋಕನ್‌ಗಳೇ ಇದ್ದವು. ಒಂದು ಆ ಚೈನ್ ಮೇಲೆಯೇ ನೇರವಾಗಿ ವಿತರಣೆಯಾದದ್ದು, ಇನ್ನೊಂದು ಎಥೀರಿಯಮ್‌ನಿಂದ ಬ್ರಿಡ್ಜ್ ದಾಟಿ ಬಂದದ್ದು. ಎರಡೂ ಡಾಲರ್ ಆದ್ದರಿಂದ ಏರಿಳಿತದ ಭಯವಿಲ್ಲ ಎಂದು ನಂಬಿಸಲಾಗಿತ್ತು. ವಾಲೆಟ್‌ನ ಪರದೆಯಲ್ಲಿ ಎರಡಕ್ಕೂ ಅದೇ ನೀಲಿ ಲಾಂಛನ, ಅದೇ ಹೆಸರು; ದಾಟಿ ಬಂದದ್ದರ ಹೆಸರಿನ ಕೊನೆಯಲ್ಲಿ ಒಂದು ಚುಕ್ಕೆ ಮತ್ತು ಒಂದು ಅಕ್ಷರ ಹೆಚ್ಚಿಗೆ. ಸಣ್ಣ ಮೊಬೈಲ್‌ನಲ್ಲಿ ಆ ಅಕ್ಷರ ಕಾಣುವುದೂ ಕಷ್ಟ. ಆದರೆ ಆ ಒಂದು ಅಕ್ಷರದ ಅರ್ಥ, ನಿಜವಾದ ಟೋಕನ್ ಎಥೀರಿಯಮ್‌ನಲ್ಲಿ ಬ್ರಿಡ್ಜ್‌ನ ಬೀಗದೊಳಗಿದೆ, ನಿಮ್ಮ ಕೈಯಲ್ಲಿರುವುದು ಅದರ ಮೇಲಿನ ಹಕ್ಕುಪತ್ರ ಮಾತ್ರ ಎಂದು. ಒಣದ್ರಾಕ್ಷಿ ವ್ಯಾಪಾರಿ ಕಾಕಾ ಅವರಿಗೆ ಇದು ಕೊನೆಗೆ ಅರ್ಥವಾದದ್ದು ತಮ್ಮ ವ್ಯಾಪಾರದ ಭಾಷೆಯಲ್ಲಿ: “ಅಂದ್ರ ಕೋಲ್ಡ್ ಸ್ಟೋರೇಜಿನ ರಸೀದಿ ನನ್ನ ಕೈಯಾಗ ಐತಿ, ಒಳಗ ಮಣೂಕ ಇಲ್ಲ.”

ಅದು ಅರ್ಥವಾಗುವ ಹೊತ್ತಿಗೆ ಬ್ರಿಡ್ಜ್ ನಿಂತಿತ್ತು. ನಿರ್ವಹಣೆಗಾಗಿ ತಾತ್ಕಾಲಿಕ ಸ್ಥಗಿತ ಎಂಬ ಒಂದು ಸಾಲಿನ ಪ್ರಕಟಣೆ ಬಂತು. ಎಥೀರಿಯಮ್ ಕಡೆಯ ಬೀಗದೊಳಗಿನ ಹಣ ಬೇರೆ ವಾಲೆಟ್‌ಗಳಿಗೆ ಹರಿದುಹೋಗಿರುವುದು ಅದೇ ರಾತ್ರಿ ಬಹಿರಂಗವಾಯಿತು. ನಾವು ಪೂಲ್‌ಗೆ ಹಾಕಿದ್ದರಲ್ಲಿ ಅರ್ಧ ಮಾತ್ರ ದಾಟಿ ಬಂದ ಟೋಕನ್, ಇನ್ನರ್ಧ ಸುರಕ್ಷಿತ ಡಾಲರ್, ಆದ್ದರಿಂದ ಹೆಚ್ಚೆಂದರೆ ಅರ್ಧ ಹೋದೀತು ಎಂದು ಮಗ್ಗದ ಮನೆಯ ಅಣ್ಣ ಲೆಕ್ಕ ಹಾಕಿದ್ದರು. ಪೂಲ್ ಕೆಲಸ ಮಾಡುವುದು ಹಾಗಲ್ಲ. ಎರಡು ಟೋಕನ್‌ಗಳ ಸಂಖ್ಯೆಯ ಗುಣಲಬ್ಧ ಬದಲಾಗದಂತೆ ನೋಡಿಕೊಳ್ಳುವುದಷ್ಟೇ ಅದರ ಕೋಡ್‌ಗೆ ಗೊತ್ತು. ಎರಡೂ 100ರಂತೆ ಇದ್ದರೆ ಗುಣಲಬ್ಧ 10,000. ಒಂದರ ಬೆಲೆ ಕಾಲು ಭಾಗಕ್ಕೆ ಕುಸಿದರೆ, ಹೊರಗಿನವರು ಕುಸಿದ ಟೋಕನ್ ತಂದು ಸುರಿದು ಒಳ್ಳೆಯದನ್ನು ಹೊತ್ತೊಯ್ಯುತ್ತಾರೆ; ಕೊನೆಗೆ ಪೂಲ್‌ನಲ್ಲಿ ಒಳ್ಳೆಯದು 50, ಕುಸಿದದ್ದು 200 ಉಳಿಯುತ್ತದೆ. ಅದರ ಬೆಲೆ 100 ಡಾಲರ್. ಪೂಲ್‌ಗೆ ಹಾಕದೆ ಎರಡನ್ನೂ ಕೈಯಲ್ಲೇ ಇಟ್ಟುಕೊಂಡಿದ್ದರೆ 125 ಡಾಲರ್ ಇರುತ್ತಿತ್ತು. ಕುಸಿದ ಟೋಕನ್ ಶೂನ್ಯದತ್ತ ಹೋದಷ್ಟೂ ಒಳ್ಳೆಯ ಟೋಕನ್ ಪೂಲ್‌ನಿಂದ ಖಾಲಿಯಾಗುತ್ತ ಹೋಗುತ್ತದೆ. ಬೆಳಿಗ್ಗೆ ನಾವು ಪಾಲು ಹಿಂತೆಗೆದಾಗ ಪರದೆಯ ಮೇಲೆ ಬಂದದ್ದು ಬಹುಪಾಲು ಆ ಚುಕ್ಕೆಯ ಟೋಕನ್. ಕೋಡ್ ಸರಿಯಾಗಿಯೇ ಕೆಲಸ ಮಾಡಿತ್ತು.

ಬ್ರಿಡ್ಜ್‌ಗಳ ಇತಿಹಾಸ ಗೊತ್ತಿದ್ದವರಿಗೆ ಇದರಲ್ಲಿ ಹೊಸದೇನೂ ಇಲ್ಲ. 2022ರ ಫೆಬ್ರವರಿಯಲ್ಲಿ ವರ್ಮ್‌ಹೋಲ್‌ನಿಂದ ಎಥೀರಿಯಮ್‌ನ ಸ್ವಂತ ನಾಣ್ಯವಾದ ಈಥರ್ 1,20,000ದಷ್ಟು ಕಳವಾಯಿತು. ಅದರ ಹಿಂದಿದ್ದ ಜಂಪ್ ಕ್ರಿಪ್ಟೋ ತನ್ನ ಹಣದಿಂದ ತುಂಬಿಕೊಟ್ಟಿದ್ದರಿಂದ ಜನ ಉಳಿದುಕೊಂಡರು. ಅದೇ ಮಾರ್ಚ್‌ನಲ್ಲಿ ರೋನಿನ್ ಬ್ರಿಡ್ಜ್‌ನ ಒಂಬತ್ತು ಕೀಲಿಗಳಲ್ಲಿ ಐದು ಕಳ್ಳರ ಕೈಸೇರಿ 60 ಕೋಟಿ ಡಾಲರ್‌ಗೂ ಹೆಚ್ಚು ಹೋಯಿತು. ಜೂನ್‌ನಲ್ಲಿ ಹಾರ್ಮನಿಯ ಬ್ರಿಡ್ಜ್‌ಗೆ ಐದು ಕೀಲಿಗಳಲ್ಲಿ ಎರಡರ ಸಹಿಯೇ ಸಾಕಾಗಿತ್ತು. ಹೋದದ್ದು ಸುಮಾರು 10 ಕೋಟಿ ಡಾಲರ್. ನಮ್ಮ ಅನುಭವಕ್ಕೆ ಎಲ್ಲಕ್ಕಿಂತ ಹತ್ತಿರವಾದದ್ದು 2023ರ ಜುಲೈನಲ್ಲಿ ಕುಸಿದ ಮಲ್ಟಿಚೈನ್. ಹೆಸರಿಗೆ ಅದು ವಿಕೇಂದ್ರೀಕೃತ. ಮುಖ್ಯಸ್ಥನನ್ನು ಚೀನಾದ ಪೊಲೀಸರು ವಶಕ್ಕೆ ಪಡೆದ ಮೇಲೆ, ಸರ್ವರ್‌ಗಳೂ ಕೀಲಿಗಳೂ ಅವನೊಬ್ಬನ ಹಿಡಿತದಲ್ಲಿದ್ದವು ಎಂಬುದನ್ನು ತಂಡವೇ ಒಪ್ಪಿಕೊಂಡಿತು. 12 ಕೋಟಿ ಡಾಲರ್‌ಗೂ ಹೆಚ್ಚು ಹೊರಹೋಯಿತು, ಫ್ಯಾಂಟಮ್ ಚೈನ್ ಮೇಲೆ ಅದರ ಮೂಲಕ ಬಂದಿದ್ದ ಡಾಲರ್ ಟೋಕನ್‌ಗಳು ಡಾಲರ್ ಬೆಲೆ ಕಳೆದುಕೊಂಡವು. ಅಲ್ಲಿನ ವಿನಿಮಯ ಕೇಂದ್ರಗಳ ಕೋಡ್‌ನಲ್ಲಿ ದೋಷವಿಲ್ಲದಿದ್ದರೂ ಅವುಗಳ ಪೂಲ್‌ಗಳಲ್ಲಿ ಹಣವಿಟ್ಟವರು ಪೆಟ್ಟು ತಿಂದರು.

ನಮ್ಮ ಕೇಂದ್ರದಿಂದ ಬಂದ ಉತ್ತರವೂ ಹೀಗೇ ಇತ್ತು: ನಮ್ಮ ಕಾಂಟ್ರ್ಯಾಕ್ಟ್‌ಗಳು, ಅಂದರೆ ಕೋಡ್, ಸುರಕ್ಷಿತವಾಗಿವೆ, ಮತದಾನದಲ್ಲಿ ಅನುಮೋದನೆಯಾದ ಬ್ರಿಡ್ಜ್‌ಗೆ ಯಾವ ತೊಂದರೆಯೂ ಆಗಿಲ್ಲ. ಅಕ್ಷರಶಃ ಅದು ಸತ್ಯ. ಪರಿಹಾರ ಬೇಕಿದ್ದರೆ ಖಜಾನೆಯಿಂದ ಕೊಡುವಂತೆ ಪ್ರಸ್ತಾವನೆ ಮಂಡಿಸಿ ಎಂದರು. ಮಂಡಿಸಲು ಬೇಕಾದಷ್ಟು ಟೋಕನ್ ನಮ್ಮಂಥವರ ಬಳಿ ಇರಲಿಲ್ಲ. ಬೇರೆ ದೇಶದ ಒಬ್ಬರು ನಮ್ಮ ಪರವಾಗಿ ಮಂಡಿಸಿದರು. ಬಿದ್ದ ಮತಗಳಲ್ಲಿ ಹೆಚ್ಚಿನವು ಪರವಾಗಿದ್ದವು, ಆದರೆ ವಿಸ್ತರಣೆಗೆ ಮತ ಹಾಕಿದ್ದ ದೊಡ್ಡ ವಾಲೆಟ್‌ಗಳು ಈ ಸಲ ಮತವನ್ನೇ ಹಾಕಲಿಲ್ಲ. ಕೋರಂ ಆಗದೆ ಪ್ರಸ್ತಾವನೆ ಬಿದ್ದುಹೋಯಿತು. ದೂರು ಕೊಡಲು ಹೋದಾಗ ಯಾರ ಮೇಲೆ ಎಂಬ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ: ಕೇಂದ್ರಕ್ಕೆ ಕಚೇರಿಯಿಲ್ಲ, ಬ್ರಿಡ್ಜ್‌ನ ತಂಡಕ್ಕೆ ಮುಖವಿಲ್ಲ, ಅಂಬಾಸಿಡರ್ ಒಂದು ರೂಪಾಯಿಯನ್ನೂ ತನ್ನ ಕೈಗೆ ಪಡೆದಿರಲಿಲ್ಲ.

ತೆರಿಗೆಯ ಸಂಗತಿ ನನ್ನ ಕಸುಬಿಗೆ ಸೇರಿದ್ದರಿಂದ ಸ್ಪಷ್ಟವಾಗಿ ಹೇಳುತ್ತೇನೆ. 2022ರ ಏಪ್ರಿಲ್ 1ರಿಂದ ನಮ್ಮ ದೇಶದಲ್ಲಿ ಕ್ರಿಪ್ಟೋ ಲಾಭಕ್ಕೆ ಶೇ 30 ತೆರಿಗೆ, ಮೇಲೆ ಸೆಸ್. ಕೊಂಡ ಬೆಲೆಯ ಹೊರತು ಬೇರೆ ಖರ್ಚು ಕಳೆಯುವಂತಿಲ್ಲ, ಒಂದು ಟೋಕನ್‌ನ ನಷ್ಟವನ್ನು ಇನ್ನೊಂದರ ಲಾಭದ ಎದುರು ಹೊಂದಿಸುವಂತಿಲ್ಲ, ಮುಂದಿನ ವರ್ಷಕ್ಕೆ ಒಯ್ಯುವಂತೆಯೂ ಇಲ್ಲ. ಮಗ್ಗದ ಮನೆಯ ತಮ್ಮ ಈ ಪೂಲ್‌ಗೆ ಬರುವ ಮುನ್ನ ತನ್ನ ಹಳೆಯ ಈಥರ್ ಅನ್ನು ಲಾಭಕ್ಕೆ ಮಾರಿದ್ದ. ಆ ಹಣವೆಲ್ಲ ಪೂಲ್‌ನಲ್ಲಿ ಕರಗಿಹೋದರೂ ಆ ಲಾಭದ ಮೇಲಿನ ತೆರಿಗೆಯನ್ನು ಸೀರೆ ಮಾರಿ ಬಂದ ಹಣದಿಂದ ಕಟ್ಟಬೇಕಾಯಿತು.

ನಷ್ಟವಾದ ವಾರದೊಳಗೆ ಎರಡನೆಯ ಬಲೆ ಬಂತು. ನಮ್ಮೆಲ್ಲರ ವಾಲೆಟ್‌ಗೂ ಯಾರೂ ಕೇಳದ ಒಂದು ಟೋಕನ್ ಬಂದು ಬಿದ್ದಿತ್ತು; ಅದರ ಹೆಸರಿನಲ್ಲೇ ಪರಿಹಾರ ಪಡೆಯುವ ಜಾಲತಾಣದ ವಿಳಾಸ. ಸಾಫ್ಟ್‌ವೇರ್ ಹುಡುಗ ತಡೆಯದಿದ್ದರೆ ಉಳಿದ ಚಿಲ್ಲರೆಯೂ ಹೋಗುತ್ತಿತ್ತು, ಏಕೆಂದರೆ ಅಲ್ಲಿ ಸಹಿ ಕೇಳುತ್ತಿದ್ದದ್ದು ವಾಲೆಟ್‌ನಲ್ಲಿರುವ ಟೋಕನ್‌ಗಳನ್ನು ಮಿತಿಯಿಲ್ಲದೆ ತೆಗೆದುಕೊಳ್ಳುವ ಅನುಮತಿಗೆ. 2022ರ ಜುಲೈನಲ್ಲಿ ಯೂನಿಸ್ವಾಪ್ ಬಳಸುವವರ 70,000ಕ್ಕೂ ಹೆಚ್ಚು ವಾಲೆಟ್‌ಗಳಿಗೆ ಇಂಥದ್ದೇ ನಕಲಿ ಟೋಕನ್ ಕಳಿಸಿ ಸುಮಾರು 80 ಲಕ್ಷ ಡಾಲರ್ ದೋಚಲಾಗಿತ್ತು. ಅಂಥ ವಿಳಾಸಕ್ಕೆ ಈಗಾಗಲೇ ಸಹಿ ಹಾಕಿದ್ದರೆ ಆ ಅನುಮತಿಯನ್ನು ಕೂಡಲೇ ರದ್ದುಪಡಿಸಿ, ಉಳಿದದ್ದನ್ನು ಹೊಸ ವಾಲೆಟ್‌ಗೆ ಸಾಗಿಸಿ, ವಹಿವಾಟಿನ ಸಂಖ್ಯೆಗಳನ್ನು ಬರೆದಿಟ್ಟುಕೊಂಡು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಅದೇ ಕೇಂದ್ರದಲ್ಲಿ ಈಗ ಮೂರನೆಯ ಚೈನ್‌ಗೆ ವಿಸ್ತರಿಸುವ ಪ್ರಸ್ತಾವನೆ ಚರ್ಚೆಯಲ್ಲಿದೆ, ಅಂಬಾಸಿಡರ್ ಬಾಗಲಕೋಟೆ ಕಡೆ ಓಡಾಡುತ್ತಿದ್ದಾನೆ ಎಂಬ ಸುದ್ದಿಯೂ ಇದೆ. ಹೊಸ ಪ್ರಸ್ತಾವನೆಯನ್ನು ಓದಿದೆ. ಆದೇಶ ಸಾಗಿಸುವ ಬ್ರಿಡ್ಜ್‌ಗೆ ಈ ಸಲ ಇನ್ನೂ ಹೆಚ್ಚು ಪುಟಗಳಿವೆ, ಟೋಕನ್ ಸಾಗಿಸುವ ಬ್ರಿಡ್ಜ್‌ಗೆ ಹಳೆಯ ಒಂದೇ ವಾಕ್ಯ ಹಾಗೆಯೇ ಇದೆ. ನಿಮ್ಮಲ್ಲಿಗೆ ಅವನು ಬಂದರೆ ಆ ವಾಕ್ಯವನ್ನು ಅವನಿಂದಲೇ ಗಟ್ಟಿಯಾಗಿ ಓದಿಸಿ. ಬಳಿಕ ಆ ಬ್ರಿಡ್ಜ್‌ಗೆ ಎಷ್ಟು ಕೀಲಿಗಳು, ಅವುಗಳಲ್ಲಿ ಎಷ್ಟು ಸಾಕು, ಅವು ಯಾರ ಕೈಯಲ್ಲಿವೆ ಎಂದು ಕೇಳಿ. ಉತ್ತರ ಬರುವವರೆಗೆ ವಾಲೆಟ್ ತೆರೆಯಬೇಡಿ.