ಫಲಕಕ್ಕಿಂತ ಕೊಳವೇ ಮೇಲು: ಒಂದು ಪರಿಸರ ಶಿಕ್ಷಣ ಉದ್ಯಾನವನ್ನು ಕಂಡ ಬಗೆ

ಪರಿಸರ ಶಿಕ್ಷಣಕ್ಕೆಂದೇ ರೂಪಿಸಿದ ಉದ್ಯಾನಗಳಲ್ಲಿ ಬಾಗಿಲು ದಾಟಿದೊಡನೆ ಎದುರಾಗುವುದು ಸಾಮಾನ್ಯವಾಗಿ ಸಿಮೆಂಟಿನ ಜಿಂಕೆ ಮತ್ತು ಅದರ ಪಕ್ಕದಲ್ಲಿ ಫೋಟೊ ತೆಗೆಸಿಕೊಳ್ಳುವವರ ಸಾಲು. ಈಚೆಗೆ ನಾನು ಎರಡು ಬಾರಿ ಹೋಗಿಬಂದ ಉದ್ಯಾನವೂ ಅದಕ್ಕೆ ಹೊರತಲ್ಲ. ಆದರೆ ಆ ಸಾಲನ್ನು ದಾಟಿ ಹಿಂಬದಿಯ ಕೊಳದವರೆಗೆ ನಡೆಯುವ ವ್ಯವಧಾನ ಇದ್ದವರಿಗೆ ಅಲ್ಲಿ ಕಲಿಯಲು ಬೇಕಾದಷ್ಟಿದೆ.

ಕೊಳದ ದಂಡೆಯಲ್ಲಿ ಮರದ ಅಟ್ಟಣೆಯೊಂದನ್ನು ಕಟ್ಟಿ, ಉದ್ದ ಹಿಡಿಕೆಯ ಬಲೆಗಳನ್ನೂ ಬಿಳಿ ತಟ್ಟೆಗಳನ್ನೂ ಇಟ್ಟಿದ್ದಾರೆ. ಮಾರ್ಗದರ್ಶಕಿ ಹೆಚ್ಚು ಮಾತನಾಡದೆ ಬಲೆಯನ್ನು ಜೊಂಡಿನ ಬುಡದಲ್ಲಿ ಒಮ್ಮೆ ಆಡಿಸಿ, ಬಂದದ್ದನ್ನು ತಟ್ಟೆಯ ನೀರಿಗೆ ಸುರಿದರು. ಮೊದಲಿಗೆ ಕಂಡದ್ದು ಬರೀ ಕೆಸರು ಮತ್ತು ಕೊಳೆತ ಎಲೆ. ಕೆಸರು ತಳಕ್ಕೆ ಇಳಿಯುತ್ತಿದ್ದಂತೆ, ಎಲೆಯದೇ ಬಣ್ಣದ ದಪ್ಪ ಹುಳುವೊಂದು ಅಲುಗಾಡದೆ ಕುಳಿತಿರುವುದು ಗೋಚರಿಸಿತು. ಸೊಳ್ಳೆಯ ಮರಿಯೊಂದು ಕೊಂಕುತ್ತ ಬಳುಕುತ್ತ ಅದರ ಮುಂದೆ ಹಾದದ್ದೇ ತಡ, ಹುಳು ಮುಖದಡಿ ಮಡಚಿಟ್ಟುಕೊಂಡಿದ್ದ ಕೆಳತುಟಿಯನ್ನು ತೋಳಿನಂತೆ ಮುಂದಕ್ಕೆ ಚಾಚಿ ಅದನ್ನು ಹಿಡಿದು ಬಾಯಿಗೆಳೆದುಕೊಂಡಿತು. ಕಣ್ಣು ಮಿಟುಕಿಸಿದವರಿಗೆ ಅದು ಕಾಣಲೇ ಇಲ್ಲ. ಇದೇ ಹುಳು ಮುಂದೆ ಏರೋಪ್ಲೇನ್ ಚಿಟ್ಟೆಯಾಗಿ ಹಾರುತ್ತದೆಂಬ ಮಾತನ್ನು ಪಕ್ಕದಲ್ಲಿದ್ದ ಹುಡುಗಿ ನಂಬಲಿಲ್ಲ. ಜೊಂಡಿನ ಕಡ್ಡಿಗೆ ಅಂಟಿಕೊಂಡಿದ್ದ, ಬೆನ್ನು ಸೀಳಿದ ಒಣ ಪೊರೆಯನ್ನು ಬಿಡಿಸಿ ಅಂಗೈಯಲ್ಲಿಟ್ಟ ಮೇಲೆ ನಂಬಿದಳು. ನೋಡಿ ಮುಗಿದ ಮೇಲೆ ತಟ್ಟೆಯಲ್ಲಿದ್ದುದೆಲ್ಲವನ್ನೂ ಮಕ್ಕಳ ಕೈಯಿಂದಲೇ ಮರಳಿ ಕೊಳಕ್ಕೆ ಬಿಡಿಸುತ್ತಾರೆ.

ಈ ಕೊಳಕ್ಕೆ ಬರುವ ನೀರು ಉದ್ಯಾನದ ಕೈತೊಳೆಯುವ ತೊಟ್ಟಿಗಳಿಂದ ಹೊರಬಿದ್ದದ್ದು ಎಂಬುದು ಅಲ್ಲಿನ ಇನ್ನೊಂದು ಪಾಠ. ಜಲ್ಲಿ ತುಂಬಿದ ಹಾಸಿನಲ್ಲಿ ಬೆಳೆಸಿದ ಜೊಂಡಿನ ನಡುವೆ ಆ ನೀರು ನಿಧಾನವಾಗಿ ಹರಿಯುತ್ತದೆ. ಬೇರುಗಳು ಸುತ್ತಲೂ ಸ್ವಲ್ಪ ಆಮ್ಲಜನಕವನ್ನು ಬಿಡುವುದರಿಂದ ಅಲ್ಲಿ ನೆಲೆಸಿದ ಬ್ಯಾಕ್ಟೀರಿಯಾಗಳು ಅಮೋನಿಯಾವನ್ನು ನೈಟ್ರೇಟ್ ಆಗಿಸುತ್ತವೆ. ಆಮ್ಲಜನಕವಿಲ್ಲದ ಎಡೆಗಳಲ್ಲಿರುವ ಬೇರೆ ಬ್ಯಾಕ್ಟೀರಿಯಾಗಳು ಆ ನೈಟ್ರೇಟನ್ನು ಸಾರಜನಕ ಅನಿಲವಾಗಿಸಿ ಗಾಳಿಗೆ ಬಿಡುತ್ತವೆ. ಹಾಸಿನ ಎರಡು ತುದಿಗಳ ನೀರನ್ನು ಗಾಜಿನ ಜಾಡಿಗಳಲ್ಲಿ ಹಿಡಿದು ಅಕ್ಕಪಕ್ಕ ಇಟ್ಟಿರುವುದರಿಂದ ವಿವರಣೆಯ ಅಗತ್ಯವೇ ಅಷ್ಟಾಗಿ ಬೀಳುವುದಿಲ್ಲ.

ಚಿಟ್ಟೆಗಳ ಅಂಗಳವೂ ಚೆನ್ನಾಗಿದೆ. ಮಕರಂದದ ಹೂಗಳಷ್ಟೇ ಅಲ್ಲದೆ ಕಂಬಳಿಹುಳುಗಳು ತಿನ್ನುವ ಎಕ್ಕದಂತಹ ಗಿಡಗಳನ್ನೂ ಬೆಳೆಸಿ, ಎಲೆ ತೂತಾದವೆಂದು ಕೀಳದೆ ಬಿಟ್ಟಿರುವುದು ಮೆಚ್ಚತಕ್ಕ ಸಂಗತಿ.

ಪ್ರದರ್ಶನ ಮಂದಿರದ ಬಗ್ಗೆ ಇದೇ ಮಾತು ಹೇಳಲಾರೆ. ಜರ್ಮನ್ ಜೀವವಿಜ್ಞಾನಿ ಅರ್ನ್ಸ್ಟ್ ಹೆಕೆಲ್ 1866ರಲ್ಲಿ ‘ಇಕಾಲಜಿ’ (ಪರಿಸರ ವಿಜ್ಞಾನ) ಎಂಬ ಪದವನ್ನು ಟಂಕಿಸಿದ್ದು, ಬ್ರಿಟಿಷ್ ಸಸ್ಯವಿಜ್ಞಾನಿ ಆರ್ಥರ್ ಟಾನ್ಸ್ಲಿ 1935ರಲ್ಲಿ ‘ಇಕೋಸಿಸ್ಟಮ್’ (ಪರಿಸರ ವ್ಯವಸ್ಥೆ) ಎಂಬುದನ್ನು ಬಳಕೆಗೆ ತಂದದ್ದು ಎಲ್ಲವೂ ಅಲ್ಲಿನ ಫಲಕಗಳಲ್ಲಿವೆ, ಆದರೆ ಅವು ಮಕ್ಕಳ ಕಣ್ಣಿಗೆ ನಿಲುಕದ ಎತ್ತರದಲ್ಲಿವೆ. ಹೊರಗಿನ ಕಾಲುದಾರಿಯಲ್ಲಿ ಧ್ವನಿವರ್ಧಕದಿಂದ ಹಕ್ಕಿಗಳ ಕೂಗನ್ನು ಕೇಳಿಸುತ್ತಾರೆ. ಮರದ ಮೇಲೆ ನಿಜವಾದ ಹಕ್ಕಿ ಕೂಗಿದರೂ ತಿಳಿಯದ ಸ್ಥಿತಿ. ಇದಕ್ಕಿಂತ ಬೇಸರ ತಂದದ್ದು ತರಗೆಲೆಯ ವಿಚಾರ. ಎರೆಹುಳು, ಸಹಸ್ರಪದಿ, ಶಿಲೀಂಧ್ರಗಳು ಎಲೆಯನ್ನು ಮಣ್ಣಾಗಿಸುವ ಬಗೆಯನ್ನು ತೋರಿಸುವ ಗಾಜಿನ ಪೆಟ್ಟಿಗೆಯ ಎದುರಿನಲ್ಲೇ, ಬಿದ್ದ ಎಲೆಯನ್ನೆಲ್ಲ ಗುಡಿಸಿ ಪ್ಲಾಸ್ಟಿಕ್ ಚೀಲಗಳಿಗೆ ತುಂಬುತ್ತಿದ್ದರು. ಎರಡನೆಯ ಭೇಟಿಯಲ್ಲೂ ಚೀಲಗಳು ಕಂಡವು.

ಯುನೆಸ್ಕೊ 1977ರಲ್ಲಿ ಜಾರ್ಜಿಯಾದ ಟಿಬಿಲಿಸಿಯಲ್ಲಿ ನಡೆಸಿದ ಸಮ್ಮೇಳನವು ಪರಿಸರ ಶಿಕ್ಷಣದ ಗುರಿಗಳಲ್ಲಿ ಅರಿವು, ಜ್ಞಾನ, ಮನೋಭಾವಗಳ ಜೊತೆಗೆ ಕೌಶಲವನ್ನೂ ಪಾಲ್ಗೊಳ್ಳುವಿಕೆಯನ್ನೂ ಸೇರಿಸಿತ್ತು. ಆ ಕೊನೆಯ ಎರಡು ಗುರಿಗಳು ಈ ಉದ್ಯಾನದಲ್ಲಿ ಈಡೇರುವುದು ಕೊಳದ ಬಳಿ ಮಾತ್ರ. ಮಂದಿರಕ್ಕೆ ಸುರಿದ ಹಣದಲ್ಲಿ ಇನ್ನಿಬ್ಬರು ಮಾರ್ಗದರ್ಶಕರನ್ನು ನೇಮಿಸಬಹುದಿತ್ತು ಎಂದು ನನಗೆ ಅನ್ನಿಸಿತು. ಒಬ್ಬರೇ ಇರುವುದರಿಂದ ಕೊಳದ ಸರದಿಗೆ ಬಹಳ ಹೊತ್ತು ಕಾಯಬೇಕಾಗುತ್ತದೆ.

ಹೋಗುವವರು ಬಾಗಿಲು ತೆರೆಯುವ ಹೊತ್ತಿಗೇ ಹೋಗಿ, ಕೊಳದ ಸರದಿಗೆ ಹೆಸರು ಬರೆಸುವುದು ಒಳಿತು. ಮೈ ಬಿಸಿಯೇರಿದ ಮೇಲೆಯೇ ಚಿಟ್ಟೆಗಳು ಚುರುಕಾಗುವುದರಿಂದ ಅಂಗಳವನ್ನು ಆಮೇಲೆ ನೋಡಬಹುದು. ಪ್ರದರ್ಶನ ಮಂದಿರವನ್ನು ಮಳೆ ಬಂದರೆ ನೋಡಿದರೆ ಸಾಕು.