ಶೇಂಗಾ ಹಿಂಡಿಗೆ ಕೈಪಂಪಿನ ಚೀಲವೋ, ಸೀಲ್ ಯಂತ್ರವೋ?

ಪುಣೆಯಲ್ಲಿ ಕೆಲಸ ಮಾಡುವ ಮಗಳಿಗೆ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ (ಹಿಂಡಿ ಅಂದರೆ ಚಟ್ನಿಪುಡಿ) ಕಟ್ಟಿಕೊಡುವುದು ನನ್ನ ಬಹುದಿನದ ರೂಢಿ. ಅವಳು ರಾಯಚೂರಿನಲ್ಲಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತುವಾಗ ಒಂದು ಚೀಲ ಅದಕ್ಕೇ ಮೀಸಲು. ಹಿಂಡಿ ತಿಂಗಳೊಪ್ಪತ್ತು ಕಮಟಾಗದೆ ಉಳಿಯಬೇಕು, ನನಗೆ ಬೇಕಾದದ್ದು ಅಷ್ಟೇ. ಮೊದಲು ಕೈಪಂಪಿನಿಂದ ಗಾಳಿ ತೆಗೆಯುವ ಜಿಪ್ ಚೀಲ ಕೊಂಡೆ, ಆಮೇಲೆ ಗಾಳಿ ಎಳೆದು ಸೀಲ್ ಮಾಡುವ ಯಂತ್ರ. ಯಂತ್ರವನ್ನು ಇನ್ನು ಬಿಡಲಾರೆ.

ಕೈಪಂಪು ಅಗ್ಗ, ಕರೆಂಟು ಬೇಡ, ಚೀಲವನ್ನು ತೊಳೆದು ಮತ್ತೆ ಬಳಸಬಹುದು. ಆದರೆ ಜಿಪ್ಪಿನ ಸಂದಿನಲ್ಲಿ ಒಂದು ಚಿಟಿಕೆ ಪುಡಿ ಸಿಕ್ಕಿಕೊಂಡರೂ ಗಾಳಿ ನುಸುಳುತ್ತದೆ. ರಾತ್ರಿ ಚಪ್ಪಟೆಯಾಗಿದ್ದ ಚೀಲ ಬೆಳಿಗ್ಗೆ ಸಡಿಲ. ನಾಲ್ಕರಲ್ಲಿ ಮೂರು ಹೀಗೇ ಆದವು. ನಮ್ಮ ಕಡೆ ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಶೇಂಗಾದ ಎಣ್ಣೆಗೆ ಗಾಳಿಯೂ ಕಾವೂ ಸೇರಿದರೆ ಕಮಟು ವಾಸನೆ ಬರಲು ತಡವಾಗುವುದಿಲ್ಲ.

ಯಂತ್ರದಲ್ಲೂ ಮೊದಲ ಸಲ ಸೋತದ್ದು ಹಿಂಡಿಯಲ್ಲೇ. ಮಗಳು ಫೋನಿನಲ್ಲಿ, "ಅವ್ವಾ, ಚೀಲದಲ್ಲಿ ಗಾಳಿ ತುಂಬಿದೆ, ನನ್ನ ಬಿಳಿ ದುಪಟ್ಟಾಕ್ಕೆ ಕೆಂಪು ಕಲೆ ಹತ್ತಿದೆ" ಎಂದಳು. ಸೀಲ್ ಆದ ಇನ್ನೊಂದು ಚೀಲವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಾಗ ಕಾರಣ ತಿಳಿಯಿತು. ಯಂತ್ರ ಗಾಳಿ ಎಳೆಯುವಾಗ ನುಣ್ಣನೆಯ ಪುಡಿಯೂ ಗಾಳಿಯ ಜೊತೆ ಬಾಯಿಯವರೆಗೆ ಬಂದು, ಬಿಸಿತಂತಿ ಪ್ಲಾಸ್ಟಿಕ್ ಕರಗಿಸುವ ಗೆರೆಯ ಮೇಲೆಯೇ ಕೂರುತ್ತದೆ. ಅಲ್ಲಿ ಎರಡು ಪದರಗಳು ಒಂದಕ್ಕೊಂದು ಅಂಟುವುದಿಲ್ಲ. ಸೀಲಿನ ಪಟ್ಟಿಯಲ್ಲಿ ಕೂದಲೆಳೆಯಷ್ಟು ಕೆಂಪು ಗೀರು ಕಂಡಿತು. ಗಾಳಿ ಒಳಹೋಗಲು ಅಷ್ಟು ದಾರಿ ಸಾಕು. ಹಿಂಡಿಯ ಎಣ್ಣೆ ಬಾಯಿಗೆ ಸವರಿಕೊಂಡರಂತೂ ಇನ್ನೂ ಕಷ್ಟ.

ಮೂರು ವಾರ ಇದರ ಹಿಂದೆಯೇ ಬಿದ್ದೆ. ಈಗ ಚೀಲದ ಬಾಯಿಯನ್ನು ನಾಲ್ಕು ಬೆರಳಿನಷ್ಟು ಹೊರಕ್ಕೆ ಮಡಚಿ, ಮುಕ್ಕಾಲು ಭಾಗದವರೆಗೆ ಮಾತ್ರ ತುಂಬುತ್ತೇನೆ. ಹಿಂಡಿಯ ಮೇಲೆ ತೆಳು ಹತ್ತಿ ಬಟ್ಟೆಯ ತುಂಡನ್ನು ಮಡಚಿ ಇಡುತ್ತೇನೆ. ಗಾಳಿ ಹೊರಬರುತ್ತದೆ, ಪುಡಿ ಅಲ್ಲೇ ನಿಲ್ಲುತ್ತದೆ. ಮಡಿಕೆ ಬಿಚ್ಚಿ ಬಾಯಿಯ ಒಳಭಾಗವನ್ನು ಒಣಬಟ್ಟೆಯಿಂದ ಒರೆಸುತ್ತೇನೆ. ಚೀಲ ಬಿಗಿಯಾಗುತ್ತಿದ್ದಂತೆ, ಯಂತ್ರ ತಾನಾಗಿ ನಿಲ್ಲುವವರೆಗೆ ಕಾಯದೆ ಸೀಲ್ ಗುಂಡಿ ಒತ್ತುತ್ತೇನೆ. ಒಂದು ಬೆರಳಿನಷ್ಟು ಬಿಟ್ಟು ಎರಡನೆಯ ಸೀಲು. ಒಂದು ರಾತ್ರಿ ಹಾಗೇ ಇಟ್ಟು, ಬೆಳಿಗ್ಗೆ ಒತ್ತಿ ನೋಡಿ ಕಟ್ಟಿಕೊಡುತ್ತೇನೆ. ಆಮೇಲೆ ಒಂದೂ ಕೆಟ್ಟಿಲ್ಲ.

ಸೋನಾ ಮಸೂರಿ ಅಕ್ಕಿಗೆ ಯಾವ ತಕರಾರೂ ಇಲ್ಲ. ಚೀಲ ಇಟ್ಟಿಗೆಯಂತೆ ಗಟ್ಟಿಯಾಗುತ್ತದೆ, ನುಸಿಯ ಕಾಟವಿಲ್ಲ. ಒಣಮೆಣಸಿನಕಾಯಿಯ ತೊಟ್ಟು ಚೀಲವನ್ನು ಚುಚ್ಚುತ್ತದೆ, ಬಿಡಿಸಿಯೇ ಹಾಕಬೇಕು. ಮಂಡಕ್ಕಿ ನುಚ್ಚಾಗುತ್ತದೆ. ಮಟನ್ ತುಂಡುಗಳನ್ನು ಫ್ರೀಜರಿನಲ್ಲಿ ಗಟ್ಟಿಯಾಗಿಸಿ ಸೀಲ್ ಮಾಡಿದರೆ ನೀರು ಯಂತ್ರಕ್ಕೆ ಬರುವುದಿಲ್ಲ. ಆಮೇಲೂ ಅದು ಫ್ರೀಜರಿನಲ್ಲೇ ಇರಬೇಕು. ಸುಲಿದ ಹಸಿ ಬೆಳ್ಳುಳ್ಳಿಯನ್ನು ಗಾಳಿ ತೆಗೆದು ಹೊರಗಿಡಲೇಬಾರದು. ಗಾಳಿಯಿಲ್ಲದ ಕಡೆ ಬೆಳೆಯುವ ಬಾಟ್ಯುಲಿಸಂ ರೋಗಾಣುವಿನ ವಿಷ ಪ್ರಾಣಕ್ಕೇ ಕುತ್ತು.

ಖಡಕ್ ರೊಟ್ಟಿಯ ವಿಷಯದಲ್ಲಿ ಎರಡೂ ಸೋತವು. ಗಾಳಿ ಎಳೆಯುತ್ತಿದ್ದಂತೆ ಚಟಚಟನೆ ಮುರಿದು, ಮೊನಚು ಅಂಚು ಚೀಲವನ್ನು ಹರಿಯಿತು. ರೊಟ್ಟಿಗೆ ಬಿಳಿ ಪಂಚೆಯ ತುಂಡು, ಸ್ಟೀಲ್ ಡಬ್ಬಿ.

ಯಂತ್ರಕ್ಕೆ ಕೊಟ್ಟದ್ದು ಎರಡೂವರೆ ಸಾವಿರ ರೂಪಾಯಿ. ಅದಕ್ಕೆ ಒಳಮೈಯಲ್ಲಿ ಗೀರುಗಳಿರುವ ಚೀಲವೇ ಬೇಕು, ನುಣುಪು ಪ್ಲಾಸ್ಟಿಕ್ ನಡೆಯದು. ಆ ಖರ್ಚು ನಿಲ್ಲುವಂಥದ್ದಲ್ಲ. ವರ್ಷಕ್ಕೆ ಒಂದೆರಡು ಸಲ ಕಟ್ಟುವವರು ಕೈಪಂಪಿನ ಚೀಲದಲ್ಲಿ ಬೇಳೆಕಾಳು ಇಟ್ಟುಕೊಂಡರೆ ಸಾಕು. ನಾನು ತಿಂಗಳಿಗೆ ಎರಡು ಕಿಲೋ ಹಿಂಡಿ ಕುಟ್ಟುವವಳು, ನನಗೆ ಯಂತ್ರವೇ ಸರಿ. ಮುಂದಿನ ಸಲ ಮಾತ್ರ 20 ಸೆಂಟಿಮೀಟರ್ ಅಗಲದ ಚೀಲದ ರೋಲ್ ತರಿಸುತ್ತೇನೆ. ಈಗಿನ 28ರದ್ದು ಅರ್ಧ ಕಿಲೋ ಹಿಂಡಿಗೆ ತೀರಾ ಅಗಲವಾಗಿ, ಚೀಲದ ಅರ್ಧ ಭಾಗ ದಂಡವಾಗುತ್ತಿದೆ.