ಎಡ ದವಡೆಗೆ ₹15,500, ಬಲ ದವಡೆಗೆ ₹4,700

ನನ್ನ ಬಾಯಲ್ಲಿ ಈಗ, ಹೋದ ಹಲ್ಲುಗಳ ಜಾಗ ತುಂಬಲು ಕಾಯಂ ಆಗಿ ಕೂರಿಸಿದ ಎರಡು ಬ್ರಿಡ್ಜ್‌ಗಳಿವೆ. ಎರಡೂ ಕೆಳದವಡೆಯವು, ಎರಡೂ ಮೆಟಲ್ ಸೆರಾಮಿಕ್ (ಒಳಗೆ ಲೋಹ, ಮೇಲೆ ಪಿಂಗಾಣಿ), ಎರಡನ್ನೂ ದಾವಣಗೆರೆಯಲ್ಲೇ ಕಟ್ಟಿಸಿದ್ದು. ಎಡಗಡೆಯದು ಖಾಸಗಿ ಕ್ಲಿನಿಕ್ಕಿನದು, ಬಲಗಡೆಯದು ದಂತ ವೈದ್ಯಕೀಯ ಕಾಲೇಜಿನದು.

ಇವೆರಡಕ್ಕೂ ಮೊದಲು ₹800 ಕೊಟ್ಟು ತೆಗೆದು ಹಾಕುವ ಹಲ್ಲನ್ನು ಮಾಡಿಸಿದ್ದೆ. ಬೆಣ್ಣೆ ದೋಸೆಗೆ ಅದರ ತಕರಾರೇನೂ ಇರಲಿಲ್ಲ. ಆದರೆ ಈ ಊರಿನಲ್ಲಿದ್ದುಕೊಂಡು ಮಂಡಕ್ಕಿ ಬಿಡುವುದು ಹೇಗೆ? ಶೇಂಗಾದ ಒಂದು ಚೂರು ಅದರಡಿ ನುಸುಳಿತೆಂದರೆ ವಸಡಿಗೆ ಕಲ್ಲು ಒತ್ತಿದಂತಾಗುತ್ತಿತ್ತು. ಎದ್ದು ಹೋಗಿ, ಹಲ್ಲು ಕಳಚಿ, ತೊಳೆದು ಬರಬೇಕು. ಮೂರೇ ತಿಂಗಳಿಗೆ ಅದು ಡಬ್ಬಿ ಸೇರಿತು.

ಕ್ಲಿನಿಕ್ಕಿನಲ್ಲಿ "ಒಂದು ಹಲ್ಲಿಗೆ ನಾಲ್ಕು ಸಾವಿರ" ಎಂದರು. ಹೋಗಿರುವುದು ಒಂದೇ ಹಲ್ಲಲ್ಲವೇ ಎಂದು ನೆಮ್ಮದಿಯಿಂದ ಕುರ್ಚಿಗೆ ಒರಗಿದೆ. ಬ್ರಿಡ್ಜ್‌ನ ಲೆಕ್ಕ ಹಾಗಲ್ಲ. ಖಾಲಿ ಜಾಗದ ಅಕ್ಕಪಕ್ಕದ ಹಲ್ಲುಗಳನ್ನು ತೇಯ್ದು, ಅವುಗಳ ಮೇಲೆ ಕ್ಯಾಪ್ ಕೂರಿಸಿ, ನಡುವೆ ಕೃತಕ ಹಲ್ಲನ್ನು ಹಿಡಿದು ನಿಲ್ಲಿಸುತ್ತಾರೆ. ಹೋದದ್ದು ಒಂದು, ಬಿಲ್ಲು ಮೂರಕ್ಕೆ: ₹12,000. ತೇಯ್ದ ಹಲ್ಲೊಂದು ರಾತ್ರಿಯಿಡೀ ಸಿಡಿಯತೊಡಗಿದ್ದರಿಂದ ರೂಟ್ ಕೆನಾಲ್‌ಗೆ ಮತ್ತೆ ₹3,500. ಒಟ್ಟು ಎಷ್ಟಾಗಬಹುದೆಂದು ನಾನೂ ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ. ಆದರೆ ಐದು ಭೇಟಿಯೂ ಸಂಜೆ ಏಳರ ನಂತರವೇ. ನನ್ನ ಒಂದು ದಿನದ ಸಂಬಳವೂ ಹೋಗಲಿಲ್ಲ.

ಬಲಗಡೆಯ ಹಲ್ಲು ಹೋದಾಗ ಕಾಲೇಜಿಗೆ ಹೋದೆ. ಊರಿನಲ್ಲಿ ಅಂಥವು ಎರಡಿವೆ. ಹಲ್ಲಿಗೆ ₹1,500ರಂತೆ ಮೂರಕ್ಕೆ ₹4,500, ಎಕ್ಸ್‌ರೇ ಮತ್ತು ಚೀಟಿಗೆ ₹200. ಇಲ್ಲಿ ರೂಟ್ ಕೆನಾಲ್ ಬೇಕಾಗಲಿಲ್ಲ. ಅದು ನನ್ನ ಅದೃಷ್ಟವೇ ಹೊರತು ಕಾಲೇಜಿನ ಹೆಚ್ಚುಗಾರಿಕೆಯಲ್ಲ. ಎಂಟು ಸಲ ಅಲೆದೆ, ಎಂಟೂ ಹಗಲಿನಲ್ಲಿ. ಬಟ್ಟೆ ಅಂಗಡಿಯಲ್ಲಿ ಅರ್ಧ ದಿನಕ್ಕೆ ₹300 ಕಡಿತ, ಹಾಗಾಗಿ ನಿಜವಾದ ಖರ್ಚು ₹7,100.

ಅಲ್ಲಿ ಚಿಕಿತ್ಸೆ ಮಾಡಿದ ವಿದ್ಯಾರ್ಥಿನಿ ಪೇಸ್ಟಿನಲ್ಲಿ ತೆಗೆದ ಹಲ್ಲಿನ ಮೊದಲ ಅಚ್ಚನ್ನು ಅವರ ಮೇಷ್ಟ್ರು ಬೆಳಕಿಗೆ ಹಿಡಿದು ನೋಡಿ, ಅಂಚು ಸರಿಯಾಗಿ ಬಂದಿಲ್ಲವೆಂದು ಪಕ್ಕಕ್ಕಿಟ್ಟರು. ಮತ್ತೆ ಬಾಯಿ ತುಂಬ ಪೇಸ್ಟು. ಕೊನೆಯ ದಿನ ನೀಲಿ ಕಾಗದ ಇಟ್ಟು "ಕಚ್ಚಿ ಸರ್, ಇನ್ನೊಮ್ಮೆ ಕಚ್ಚಿ" ಎನ್ನುತ್ತ, ನೀಲಿ ಚುಕ್ಕೆ ದಟ್ಟವಾಗಿ ಬಿದ್ದಲ್ಲೆಲ್ಲ ಅರ್ಧ ಗಂಟೆ ತೇಯ್ದರು. ಕ್ಲಿನಿಕ್ಕಿನಲ್ಲಿ ಎರಡು ಸಲ ಕಚ್ಚಿಸಿ ಕಳುಹಿಸಿದ್ದರು. ಎಡ ಹಲ್ಲು ಎತ್ತರವಾಗಿದೆ ಎನಿಸಿ ಒಂದು ವಾರ ಬಲಗಡೆಯಲ್ಲೇ ಅಗಿದಿದ್ದೆ.

ಲೋಹವಿಲ್ಲದ, ಹಲ್ಲಿನ ಬಣ್ಣದ ಜಿರ್ಕೋನಿಯಾಕ್ಕೆ ಕ್ಲಿನಿಕ್ಕಿನವರು ಹಲ್ಲಿಗೆ ₹8,000 ಹೇಳಿದ್ದರು. ಯಾರಿಗೂ ಕಾಣದ ದವಡೆ ಹಲ್ಲಿಗೆ ಅಷ್ಟು ಅಂದ ಬೇಡವೆಂದೆ. ಇಂಪ್ಲಾಂಟ್‌ನಲ್ಲಿ ದವಡೆ ಮೂಳೆಗೇ ತಿರುಪು ಕೂರಿಸಿ ಅದರ ಮೇಲೆ ಹಲ್ಲು ನಿಲ್ಲಿಸುವುದರಿಂದ ಪಕ್ಕದ ಹಲ್ಲುಗಳನ್ನು ತೇಯಬೇಕಾಗಿಲ್ಲ. ಅವು ಗಟ್ಟಿಯಾಗಿರುವವರು ಅದನ್ನೇ ಮೊದಲು ಯೋಚಿಸಲಿ. ನನ್ನವು ಮೊದಲೇ ಹುಳುಕು ಹಿಡಿದು ತೂತು ತುಂಬಿಸಿದಂಥವು.

ರಜೆ ಸಿಗುವುದಾದರೆ ನಾನು ಮತ್ತೆ ಕಾಲೇಜಿಗೇ ಹೋಗುತ್ತೇನೆ. ಬ್ರಿಡ್ಜ್‌ನ ಅಡಿಯಲ್ಲಿ ದಾರ ತೂರಿಸಿ ಸ್ವಚ್ಛ ಮಾಡುವುದನ್ನು ಆ ಹುಡುಗಿ ಅಚ್ಚಿನ ಮೇಲೆ ತೋರಿಸಿಕೊಟ್ಟಳು. ಬಲಗಡೆ ದಾರ ಸಲೀಸಾಗಿ ಹೋಗುತ್ತದೆ. ಎಡಗಡೆ ಅದಕ್ಕೆ ಸಂದೇ ಬಿಟ್ಟಿಲ್ಲ.